ಕೀಬೋರ್ಡಿನಿಂದ ಪಠ್ಯಪುಸ್ತಕದವರೆಗೆ: ಹೊಸೂರು ರಸ್ತೆ ಕಂಡ ರಾಕ್ ಸಂಗೀತದ ಒಂದು ಚರಿತ್ರೆ

ಬೆಂಗಳೂರಿನ ರಾಕ್ ಸಂಗೀತದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ದಂಡುಪ್ರದೇಶದಿಂದ, ಅಂದರೆ ಬ್ರಿಟಿಷರ ಕಾಲದ ಕಂಟೋನ್ಮೆಂಟಿನಿಂದ ಹೊರಟು ಅರಮನೆ ಮೈದಾನದ ದೊಡ್ಡ ವೇದಿಕೆಗಳಿಗೆ ಬಂದು ನಿಲ್ಲುತ್ತಾರೆ. ಆ ವೇದಿಕೆಗಳನ್ನು ಹತ್ತಿದವರು ಇಳಿದ ಮೇಲೆ ಹೊಟ್ಟೆಪಾಡಿಗೆ ಏನು ಮಾಡಿದರು ಎಂಬುದನ್ನು ವಿಚಾರಿಸಿದವರು ಕಡಿಮೆ. ವಿಚಾರಿಸಿದರೆ ಕಥೆ ಮಹಾತ್ಮ ಗಾಂಧಿ ರಸ್ತೆಯನ್ನು ಬಿಟ್ಟು ಜಾಹೀರಾತು ಸಂಸ್ಥೆಗಳು, ಧ್ವನಿಮುದ್ರಣ ಕೊಠಡಿಗಳು, ಸಂಗೀತ ಶಾಲೆಗಳು ಮತ್ತು ನಗರದ ಅಂಚಿನ ಬಡಾವಣೆಗಳ ಕಡೆಗೆ ಹೊರಳುತ್ತದೆ. ರಾಕ್ ವಾದಕನೊಬ್ಬ ಮುಂದೆ ಸಂಗೀತ ನಿರ್ಮಾಪಕನೂ ಆಮೇಲೆ ಶಿಕ್ಷಕನೂ ಆಗುವುದನ್ನು ಬಹುಮುಖ ಪ್ರತಿಭೆಯ ಲಕ್ಷಣವೆಂದು ಹೊಗಳುವುದು ರೂಢಿಯಾದರೂ, ಬೆಂಗಳೂರಿನ ಮಟ್ಟಿಗೆ ಅದು ಪ್ರತಿಭೆಯ ಜೊತೆಗೆ ನಗರದ ಅರ್ಥವ್ಯವಸ್ಥೆ ಹೇರಿದ ಅನಿವಾರ್ಯವೂ ಆಗಿತ್ತು. ಮೂರು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದ ರಿಕಿ ಕೇಜ್ ಅವರ ವೃತ್ತಿಜೀವನವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಅದರ ತಿರುವುಗಳು ಹೆಚ್ಚು ಅರ್ಥವಾಗುತ್ತವೆ.

ಈ ಕಥೆಯ ಒಂದು ಮುಖ್ಯ ಘಟ್ಟ ನಡೆದದ್ದು ಹೊಸೂರು ರಸ್ತೆಯ ಮೇಲೆ, ಬೊಮ್ಮನಹಳ್ಳಿ ಮತ್ತು ಸಿಂಗಸಂದ್ರಗಳ ಆಸುಪಾಸಿನಲ್ಲಿ. ಸಿಂಗಸಂದ್ರವು ಬೇಗೂರಿನ ನೆರೆಯ ಹಳ್ಳಿಯಾಗಿದ್ದು, ಸುಮಾರು 890ರ ಕಾಲದ ಶಾಸನವೊಂದು ಬೆಂಗಳೂರಿನ ಹೆಸರನ್ನು ಮೊದಲ ಬಾರಿಗೆ ದಾಖಲಿಸಿದ್ದು ಇದೇ ಬೇಗೂರಿನಲ್ಲಿ ಎಂಬುದನ್ನು ಇಲ್ಲಿನ ಹಳಬರು ಅಭಿಮಾನದಿಂದ ಹೇಳುವುದುಂಟು. ಹೊಲ, ತೋಟ, ಕೆರೆಗಳ ಈ ಸೀಮೆಯ ಸ್ವರೂಪ ಬದಲಾಗತೊಡಗಿದ್ದು 1978ರ ಸುಮಾರಿಗೆ, ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ದಕ್ಷಿಣಕ್ಕಿದ್ದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ಜಾಗದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಲು ಹೊರಟಾಗ. ಮುಂದಿನ ಮೂರು ದಶಕಗಳಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು, ಇನ್ನೊಂದು ಮಗ್ಗುಲಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು, ನಡುವೆ ಬಾಡಿಗೆ ಮನೆಗಳು ಹಬ್ಬಿದವು. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದಾಗ ಸಿಂಗಸಂದ್ರವೂ ನಗರದ ಲೆಕ್ಕಕ್ಕೆ ಸೇರಿತು. ರಾಕ್ ಸಂಗೀತಕ್ಕೂ ಈ ರಸ್ತೆಗೂ ಸಂಬಂಧ ಕಲ್ಪಿಸಿದ್ದು ಮೊದಲು ಅಲ್ಲಿನ ಕಾಲೇಜುಗಳು, ಬಳಿಕ ಅಲ್ಲಿ ಬಂದು ನೆಲೆಸಿದ ತಂತ್ರಜ್ಞರ ಸಂಸಾರಗಳು.

ರಾಕ್ ವಾದಕರ ವೃತ್ತಿ ಕವಲೊಡೆಯುವ ಪ್ರವೃತ್ತಿ ಕೇಜ್ ಅವರಿಗಿಂತ ಒಂದು ತಲೆಮಾರು ಹಿಂದಿನದು. 1970ರ ದಶಕದ ಆರಂಭದಲ್ಲಿ ಹೆಸರು ಮಾಡಿದ 'ಹ್ಯೂಮನ್ ಬಾಂಡೇಜ್' ಎಂಬ ಬೆಂಗಳೂರಿನ ತಂಡ ದೇಶದ ಹೋಟೆಲು ಮತ್ತು ಕ್ಲಬ್ಬುಗಳಲ್ಲಿ ನುಡಿಸುತ್ತಿತ್ತು. ಅದರ ಡ್ರಮ್ ವಾದಕ ರಮೇಶ್ ಶೋತಮ್ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯಲ್ಲಿ ಶಾಸ್ತ್ರೀಯವಾಗಿ ತವಿಲ್ ಅಭ್ಯಾಸ ಮಾಡಿ, ಯೂರೋಪಿಗೆ ಹೋಗಿ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಜಾಝ್ ವಾದಕರೊಡನೆ ದುಡಿದರು. ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿ ದಂಪತಿ ನಡೆಸಿದ ಆ ಶಾಲೆಯು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಯೂರೋಪಿನ ಇಸಿಎಂ ಸಂಸ್ಥೆಯ ಮೂಲಕ ಹೊರತಂದಿತು. ಚಿತ್ರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ನಟಿ ಸ್ನೇಹಲತಾ ರೆಡ್ಡಿ ಅವರ ಮಗ ಕೋನಾರ್ಕ್ ರೆಡ್ಡಿ ಗಿಟಾರಿನಲ್ಲಿ ಹಿಡಿದ ದಾರಿಯೂ ಇಂಥದ್ದೇ ಸಮ್ಮಿಶ್ರದ್ದು. ಊರಿನಲ್ಲಿ ಉಳಿದು ಕೇವಲ ರಾಕ್ ನುಡಿಸಿ ಬದುಕಿದವರ ಉದಾಹರಣೆ ಆ ತಲೆಮಾರಿನಲ್ಲಿ ಸಿಗುವುದೇ ವಿರಳ.

ಇದಕ್ಕೆ ಕಾರಣ ಕೇಳುಗರ ಕೊರತೆಯಷ್ಟೇ ಅಲ್ಲ. ಬೆಂಗಳೂರಿನಲ್ಲಿ ಎರಡು ವೇದಿಕೆ ಸಂಸ್ಕೃತಿಗಳು ಒಂದರ ಮಗ್ಗುಲಲ್ಲಿ ಇನ್ನೊಂದು ಬೆಳೆದವು, ಆದರೆ ಅವುಗಳ ನಡುವೆ ಹಣವಾಗಲಿ ಕೇಳುಗರಾಗಲಿ ಹರಿದಾಡಲಿಲ್ಲ. ಗಣೇಶೋತ್ಸವ, ಅಣ್ಣಮ್ಮನ ಉತ್ಸವ, ರಾಜ್ಯೋತ್ಸವಗಳಲ್ಲಿ ಬೀದಿಗೆ ಅಡ್ಡಲಾಗಿ ಪೆಂಡಾಲು ಹಾಕಿ ನಡೆಸುವ ವಾದ್ಯಗೋಷ್ಠಿಗಳು, ಅಂದರೆ ಜನರ ಮಾತಿನ 'ಆರ್ಕೆಸ್ಟ್ರಾ'ಗಳು, ಕೀಬೋರ್ಡು, ರಿದಂ ಪ್ಯಾಡು, ಗಿಟಾರುಗಳನ್ನು ಇಟ್ಟುಕೊಂಡೇ ಚಿತ್ರಗೀತೆಗಳನ್ನು ನುಡಿಸಿ ನೂರಾರು ಕಲಾವಿದರಿಗೆ ಸಂಪಾದನೆ ಒದಗಿಸಿದವು. ಸಿಂಗಸಂದ್ರ, ಕೂಡ್ಲು, ಗಾರ್ವೆಭಾವಿ ಪಾಳ್ಯಗಳಂಥ ಊರುಗಳಿಗೆ ವಿದ್ಯುತ್ ವಾದ್ಯಗಳ ಪರಿಚಯವಾದದ್ದು ಇಂಥ ವೇದಿಕೆಗಳಿಂದಲೇ ಹೊರತು ರಾಕ್ ತಂಡಗಳಿಂದಲ್ಲ. ರಾಕ್ ತಂಡಗಳ ಹಾಡಿನ ಭಾಷೆ ಇಂಗ್ಲಿಷ್, ಕೇಳುಗರು ಕಾಲೇಜು ವಿದ್ಯಾರ್ಥಿಗಳು, ವೇದಿಕೆಯೆಂದರೆ ಐಐಎಂನ ಉನ್ಮಾದ್ ಅಥವಾ ರಾಷ್ಟ್ರೀಯ ಕಾನೂನು ಶಾಲೆಯ 'ಸ್ಟ್ರಾಬೆರಿ ಫೀಲ್ಡ್ಸ್' ಬಗೆಯ ಕಾಲೇಜು ಸ್ಪರ್ಧೆಗಳು. ಅಲ್ಲಿ ಸಿಗುತ್ತಿದ್ದುದು ಬಹುಮಾನವೇ ಹೊರತು ಸಂಬಳವಲ್ಲ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲಿನಲ್ಲಿ, ಐರನ್ ಮೇಡನ್ 2007ರ ಮಾರ್ಚಿನಲ್ಲಿ, ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದಾಗ ನೆರೆದ ಜನಸಾಗರವನ್ನು ಕಂಡು ಬೆಂಗಳೂರನ್ನು ದೇಶದ ರಾಕ್ ರಾಜಧಾನಿ ಎಂದು ಪತ್ರಿಕೆಗಳು ಕರೆದವು. ಆ ಬಿರುದಿನಿಂದ ಸ್ಥಳೀಯ ವಾದಕರ ವರಮಾನವೇನೂ ಏರಲಿಲ್ಲ.

ಇದ್ದ ಸಣ್ಣ ವೇದಿಕೆಗಳಿಗೂ ಕಾನೂನಿನ ತೊಡಕು ಬಂತು. ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ನಗರ ಪೊಲೀಸ್ ಆಯುಕ್ತರು ಹೊರಡಿಸಿದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶವು ಮುಖ್ಯವಾಗಿ ಬಾರುಗಳಲ್ಲಿ ನಡೆಯುತ್ತಿದ್ದ ನೃತ್ಯ ಪ್ರದರ್ಶನಗಳನ್ನು ಗಮನದಲ್ಲಿಟ್ಟುಕೊಂಡಿದ್ದರೂ, ರೆಸ್ಟೋರೆಂಟಿನಲ್ಲಿ ನೇರವಾಗಿ ನುಡಿಸುವ ಸಂಗೀತವೂ ಅದರ ವ್ಯಾಪ್ತಿಗೆ ಬಂದುದರಿಂದ ಮೂಲೆಯಲ್ಲಿ ಕುಳಿತು ಗಿಟಾರು ನುಡಿಸುವವನಿಗೂ ಅದು ತಟ್ಟಿತು. 2008ರ ಸುಮಾರಿಗೆ ಅದನ್ನು ಬಿಗಿಯಾಗಿ ಜಾರಿ ಮಾಡಿದಾಗ ಅನೇಕ ಪಬ್ಬು, ರೆಸ್ಟೋರೆಂಟುಗಳು ಪರವಾನಗಿಯ ಗೊಡವೆಯೇ ಬೇಡವೆಂದು ವಾದಕರನ್ನು ಕರೆಯುವುದನ್ನು ಬಿಟ್ಟವು. ಮಾಲೀಕರು ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2018ರ ಜನವರಿಯಲ್ಲಿ ನ್ಯಾಯಾಲಯವು ಆದೇಶವನ್ನು ಎತ್ತಿಹಿಡಿಯಿತು. ಸಂಗೀತಗಾರರ ಚರಿತ್ರೆಯಲ್ಲಿ ಇಂಥ ಕಡತಗಳಿಗೆ ಧ್ವನಿಮುದ್ರಿಕೆಗಳಷ್ಟೇ ಪ್ರಾಮುಖ್ಯ ಸಲ್ಲಬೇಕು, ಯಾಕೆಂದರೆ ವೇದಿಕೆಯಿಂದ ಸ್ಟುಡಿಯೋಗೆ, ಸ್ಟುಡಿಯೋದಿಂದ ತರಗತಿಗೆ ವಾದಕರನ್ನು ಸರಿಸಿದ ಒತ್ತಡಗಳಲ್ಲಿ ಇದೂ ಒಂದು.

ರಿಕಿ ಕೇಜ್ ಹುಟ್ಟಿದ್ದು 1981ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ. ಅವರಿಗೆ ಎಂಟು ವರ್ಷವಾಗಿದ್ದಾಗ ಕುಟುಂಬ ಬೆಂಗಳೂರಿಗೆ ಬಂದು ನೆಲೆಸಿತು. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದ ಬಳಿಕ ಅವರು ಸೇರಿದ್ದು ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿರುವ ಆಕ್ಸ್‌ಫರ್ಡ್ ದಂತವೈದ್ಯಕೀಯ ಕಾಲೇಜಿಗೆ, ಸಿಂಗಸಂದ್ರದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ. ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಸಂಗೀತವನ್ನು ಹವ್ಯಾಸವಾಗಿ ಮೆಚ್ಚಿ, ವೃತ್ತಿಯಾಗಿ ಒಪ್ಪದಿದ್ದ ಕಾಲ ಅದು; ಕೈಯಲ್ಲೊಂದು ಪದವಿ ಇರಲಿ ಎಂಬ ಹಿರಿಯರ ಮಾತಿಗೆ ಹೊಸೂರು ರಸ್ತೆಯ ಖಾಸಗಿ ಕಾಲೇಜುಗಳು ಸುಲಭದ ಉತ್ತರವಾಗಿದ್ದವು. ಕೇಜ್ ಪದವಿಯನ್ನು ಮುಗಿಸಿದರು, ವೃತ್ತಿಯನ್ನು ಕೈಗೊಳ್ಳಲಿಲ್ಲ. ಅವರ ಸಂಗೀತ ಜೀವನ 'ಏಂಜೆಲ್ ಡಸ್ಟ್' ಎಂಬ ಪ್ರೋಗ್ರೆಸಿವ್ ರಾಕ್ ತಂಡದಲ್ಲಿ ಕೀಬೋರ್ಡ್ ವಾದಕರಾಗಿ ಮೊದಲಾಯಿತು.

ಪ್ರೋಗ್ರೆಸಿವ್ ರಾಕ್ ಎಂಬುದು 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಪ್ರಕಾರ. ಮೂರು ನಿಮಿಷದ ಪಲ್ಲವಿ-ಚರಣದ ಚೌಕಟ್ಟನ್ನು ಬಿಟ್ಟು ದೀರ್ಘವಾದ ರಚನೆಗಳು, ನಡುನಡುವೆ ಬದಲಾಗುವ ತಾಳಗಳು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ ತಂದ ವಿಸ್ತಾರ, ಇವು ಅದರ ಲಕ್ಷಣಗಳು. ಸಾಮಾನ್ಯ ರಾಕ್‌ನಲ್ಲಿ ಗಿಟಾರಿಗೆ ಇರುವ ಅಗ್ರಸ್ಥಾನ ಇಲ್ಲಿ ಬಹುಪಾಲು ಕೀಬೋರ್ಡಿಗೆ ದಕ್ಕುತ್ತದೆ, ಮತ್ತು ಕೀಬೋರ್ಡ್ ವಾದಕನು ತನ್ನ ಒಂದು ವಾದ್ಯದಿಂದಲೇ ಪಿಟೀಲುಗಳ ಗುಂಪು, ಕೊಳಲು, ಆರ್ಗನ್, ಗಾಯನವೃಂದ ಎಲ್ಲವನ್ನೂ ಹೊಮ್ಮಿಸಬೇಕಾಗುತ್ತದೆ. ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಸದಾ ಯೋಚಿಸುವ ಈ ಅಭ್ಯಾಸ ವಾದ್ಯಸಂಯೋಜಕನ ಅಭ್ಯಾಸವೇ ಆದ್ದರಿಂದ, ಈ ಪ್ರಕಾರದ ಕೀಬೋರ್ಡ್ ವಾದಕ ಸಂಗೀತ ನಿರ್ಮಾಪಕನಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಸಂಗೀತ ನಿರ್ಮಾಪಕನೆಂದರೆ ಚಿತ್ರರಂಗದಂತೆ ಹಣ ಹೂಡುವವನಲ್ಲ. ರಚನೆಯಿಂದ ಹಿಡಿದು ವಾದಕರ ಆಯ್ಕೆ, ಧ್ವನಿಗ್ರಹಣ, ಮಿಶ್ರಣದವರೆಗೆ ಒಂದು ಹಾಡು ಕೊನೆಗೆ ಹೇಗೆ ಕೇಳಿಸಬೇಕೆಂದು ತೀರ್ಮಾನಿಸುವವನು. ತಂಡದಲ್ಲಿ ಸುಮಾರು ಎರಡು ವರ್ಷ ಇದ್ದ ಕೇಜ್, 2003ರಲ್ಲಿ 'ರೇವಲ್ಯೂಷನ್' ಎಂಬ ತಮ್ಮದೇ ಸ್ಟುಡಿಯೋ ಸ್ಥಾಪಿಸಿ ಪೂರ್ಣಾವಧಿಯ ಸಂಯೋಜಕರಾದರು.

ಇಪ್ಪತ್ತರ ಹರೆಯದ ಯುವಕನೊಬ್ಬ ಸ್ವಂತ ಸ್ಟುಡಿಯೋ ತೆರೆಯುವುದು ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಊಹೆಗೂ ನಿಲುಕದ ಮಾತಾಗಿತ್ತು. ಬಹುಕಾಲ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣವೆಂದರೆ ಮದರಾಸಿಗೆ ರೈಲು ಹತ್ತುವುದೆಂದೇ ಅರ್ಥವಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ್ದು ಆ ಅವಲಂಬನೆಯನ್ನು ತಪ್ಪಿಸಲೆಂದೇ. ಅಂಥ ಕೇಂದ್ರಕ್ಕೆ ಬೇಕಾಗುತ್ತಿದ್ದ ಬಹುಪಥದ ಟೇಪ್ ಯಂತ್ರಗಳು, ಆಮದು ಮಾಡಿದ ಮಿಶ್ರಣ ಫಲಕಗಳು, ಧ್ವನಿನಿರೋಧಕ ಕಟ್ಟಡ, ಇವೆಲ್ಲ ಲಕ್ಷಾಂತರ ರೂಪಾಯಿಗಳ ಬಂಡವಾಳದ ಮಾತು. ಈ ಲೆಕ್ಕವನ್ನು ಎರಡು ಸಂಗತಿಗಳು ಬದಲಿಸಿದವು. ಮೊದಲನೆಯದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಒಪ್ಪಂದ. ಇದು ಧ್ವನಿಯನ್ನಲ್ಲ, ಯಾವ ಸ್ವರವನ್ನು ಎಷ್ಟು ಹೊತ್ತು ಎಷ್ಟು ಒತ್ತಿ ನುಡಿಸಬೇಕೆಂಬ ಸೂಚನೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದರಿಂದ, ಒಮ್ಮೆ ನುಡಿಸಿದ್ದನ್ನು ಬೇರೆ ವಾದ್ಯದ ನಾದದಲ್ಲಿ ಕೇಳಬಹುದು, ತಪ್ಪನ್ನು ಆಮೇಲೆ ತಿದ್ದಬಹುದು. ಎರಡನೆಯದು 1990ರ ದಶಕದಲ್ಲಿ ಹರಡಿದ ಕಂಪ್ಯೂಟರ್ ಆಧಾರಿತ ಧ್ವನಿಮುದ್ರಣ ತಂತ್ರಾಂಶ. ಆರ್ಥಿಕ ಉದಾರೀಕರಣದ ನಂತರ ಕಂಪ್ಯೂಟರುಗಳ ಬೆಲೆ ಇಳಿದು, ಎಲೆಕ್ಟ್ರಾನಿಕ್ ಸಿಟಿಯ ಊರಿನಲ್ಲಿ ಅವುಗಳನ್ನು ಜೋಡಿಸಿ ರಿಪೇರಿ ಮಾಡುವವರು ಬೀದಿಗೊಬ್ಬರು ಸಿಗುವಂತಾದಾಗ, ಮನೆಯ ಒಂದು ಕೋಣೆಯೇ ಸ್ಟುಡಿಯೋ ಆಗಲು ಸಾಧ್ಯವಾಯಿತು.

ಕೋಣೆಗೆ ಕೆಲಸ ಕೊಟ್ಟದ್ದು ಜಾಹೀರಾತು. ಜಿಂಗಲ್ ಎಂದರೆ ಹತ್ತರಿಂದ ಮೂವತ್ತು ಸೆಕೆಂಡುಗಳಲ್ಲಿ ಒಂದು ಸರಕಿನ ಹೆಸರನ್ನು ಕಿವಿಯಲ್ಲಿ ಕೂರಿಸುವ ಪುಟ್ಟ ರಚನೆ. ಬೆಳಗ್ಗೆ ಹೇಳಿ ಸಂಜೆಗೆ ಕೇಳುವ ಗ್ರಾಹಕ, ಇಂದು ಯಕ್ಷಗಾನದ ಚೆಂಡೆ, ನಾಳೆ ಲ್ಯಾಟಿನ್ ಅಮೆರಿಕದ ತಾಳ ಎನ್ನುವ ಬೇಡಿಕೆ, ಒಂದು ಸೆಕೆಂಡೂ ಮೀರದ ಅಳತೆ, ಇವೆಲ್ಲ ಕೂಡಿ ಜಿಂಗಲ್ ಕೆಲಸವನ್ನು ಯಾವ ವಿದ್ಯಾಲಯವೂ ಕಲಿಸದ ಗರಡಿಯನ್ನಾಗಿಸಿದವು. ಕೇಜ್ ಮೂರು ಸಾವಿರಕ್ಕೂ ಹೆಚ್ಚು ಜಿಂಗಲ್‌ಗಳನ್ನು ಮಾಡಿದರೆಂಬುದು ಅವರ ಪರಿಚಯ ಪತ್ರಗಳಲ್ಲಿ ಒಂದು ಸಾಲಾಗಿ ಮುಗಿದುಹೋಗುತ್ತದೆ. ಆದರೆ ಮುಂದೆ ಐದು ಖಂಡಗಳ ವಾದ್ಯಗಳನ್ನು ಒಂದೇ ರಚನೆಯಲ್ಲಿ ಹೊಂದಿಸಬಲ್ಲ ಕೈಚಳಕ ಬಂದದ್ದು ಆ ಸಾವಿರಾರು ಸಣ್ಣ ಕೆಲಸಗಳಿಂದ ಎಂದು ಭಾವಿಸುವುದೇ ನ್ಯಾಯ. ಇದೇ ಅವಧಿಯಲ್ಲಿ ಅವರು ಕನ್ನಡ ಚಿತ್ರರಂಗಕ್ಕೂ ಬಂದರು. ರಮೇಶ್ ಅರವಿಂದ್ ಅಭಿನಯದ 'ಆಕ್ಸಿಡೆಂಟ್' (2008), 'ವೆಂಕಟ ಇನ್ ಸಂಕಟ' (2009), 'ಕ್ರೇಜಿ ಕುಟುಂಬ' (2010) ಚಿತ್ರಗಳಿಗೆ ಅವರದೇ ಸಂಗೀತ. 2011ರ ಫೆಬ್ರವರಿ 17ರಂದು ಢಾಕಾದಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಉದ್ಘಾಟನಾ ಸಮಾರಂಭಕ್ಕೂ ಅವರು ಸಂಗೀತ ಒದಗಿಸಿದರು.

ಕನ್ನಡದ ದೃಷ್ಟಿಯಿಂದ ನೋಡಿದರೆ ಈ ಕಾಲದ ಇನ್ನೊಬ್ಬ ಸಂಗೀತಗಾರನ ಜಾಡು ಹೆಚ್ಚು ಆಳವಾಗಿ ಉಳಿದಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಮೈಸೂರಿನಲ್ಲಿ ಸೂಕ್ಷ್ಮಾಣುಜೀವಶಾಸ್ತ್ರ ಓದಿ 'ಅಂತರಾಗ್ನಿ' ತಂಡ ಕಟ್ಟಿದ ರಘು ದೀಕ್ಷಿತ್, 2008ರಲ್ಲೇ ತಮ್ಮ ಮೊದಲ ಧ್ವನಿಮುದ್ರಿಕೆಯನ್ನೂ 'ಸೈಕೋ' ಚಿತ್ರದ ಸಂಗೀತವನ್ನೂ ಹೊರತಂದು, ಶಿಶುನಾಳ ಷರೀಫರ ತತ್ತ್ವಪದಗಳನ್ನು ಗಿಟಾರಿನೊಂದಿಗೆ ದೇಶವಿದೇಶಗಳ ವೇದಿಕೆಗೆ ಒಯ್ದರು. ದೀಕ್ಷಿತ್ ರಾಕ್‌ನೊಳಕ್ಕೆ ಕನ್ನಡವನ್ನು ತಂದರು. ಕೇಜ್ ರಾಕ್‌ನಿಂದ ಹೊರಟು ಭಾಷೆಯ ಹಂಗು ಕಡಿಮೆ ಇರುವ ವಾದ್ಯಸಂಗೀತದ ಕಡೆಗೆ ನಡೆದರು.

ಆ ನಡಿಗೆಯ ಫಲ 2014ರ 'ವಿಂಡ್ಸ್ ಆಫ್ ಸಂಸಾರ'. ದಕ್ಷಿಣ ಆಫ್ರಿಕಾದ ಕೊಳಲು ವಾದಕ ವೂಟರ್ ಕೆಲ್ಲರ್‌ಮನ್ ಅವರೊಂದಿಗೆ, ಗಾಂಧೀಜಿ ಮತ್ತು ನೆಲ್ಸನ್ ಮಂಡೇಲಾ ಅವರ ಆದರ್ಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಧ್ವನಿಮುದ್ರಿಕೆಯು ಅಮೆರಿಕದ ಬಿಲ್‌ಬೋರ್ಡ್ ನ್ಯೂ ಏಜ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, 2015ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆಯಿತು. ನ್ಯೂ ಏಜ್ ಎಂಬುದು ಧ್ಯಾನ, ವಿಶ್ರಾಂತಿ, ನಿಸರ್ಗಾನುಭವಗಳಿಗೆ ಒದಗುವ ಸೌಮ್ಯ ಸಂಗೀತಕ್ಕೆ ಕೊಟ್ಟ ಹೆಸರು. ರಾಕ್ ಅಭಿಮಾನಿಗಳು ಮೂಗು ಮುರಿಯುವ ಪ್ರಕಾರವೂ ಹೌದು. ಆದರೆ ಎರಡನೆಯ ಗ್ರ್ಯಾಮಿಯ ಹೊತ್ತಿಗೆ ರಾಕ್ ಮತ್ತೆ ಅವರ ಬಾಗಿಲಿಗೆ ಬಂತು. 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ದಿ ಪೊಲೀಸ್' ತಂಡದ ಸ್ಥಾಪಕ, ಡ್ರಮ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್ ಅವರೊಂದಿಗೆ, ಕೋವಿಡ್ ಕಾಲದಲ್ಲಿ ದೂರದೂರದಲ್ಲಿದ್ದುಕೊಂಡೇ ಸಿದ್ಧಪಡಿಸಿದ 'ಡಿವೈನ್ ಟೈಡ್ಸ್' 2021ರಲ್ಲಿ ಹೊರಬಂದು, 2022ರ ಏಪ್ರಿಲ್ 3ರಂದು ನ್ಯೂ ಏಜ್ ವಿಭಾಗದಲ್ಲಿ ಗ್ರ್ಯಾಮಿ ಗೆದ್ದಿತು. ಮರುವರ್ಷ ಅದೇ ಕೃತಿಯ ಸುತ್ತುಧ್ವನಿ ಆವೃತ್ತಿಗೆ, ಅಂದರೆ ಎಡ-ಬಲಗಳಲ್ಲಷ್ಟೇ ಅಲ್ಲದೆ ಕೇಳುಗನ ಹಿಂದೆ, ಮೇಲೆ, ಸುತ್ತಲೂ ನಾದವನ್ನು ನೆಲೆಗೊಳಿಸುವ ಮಿಶ್ರಣಕ್ಕೆ, ಮತ್ತೊಂದು ಗ್ರ್ಯಾಮಿ ಬಂತು. ಮಿಶ್ರಣದ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಮತ್ತು ಸಹನಿರ್ಮಾಪಕ ಹರ್ಬರ್ಟ್ ವಾಲ್ಟ್ಲ್ ಅದರ ಪಾಲುದಾರರು. ಈ ಮೂರನೆಯ ಪ್ರಶಸ್ತಿ ಸಂದದ್ದು ರಾಗಕ್ಕಲ್ಲ, ನಿರ್ಮಾಣ ಕೌಶಲಕ್ಕೆ ಎಂಬುದು ಗಮನಾರ್ಹ.

ಶಿಕ್ಷಕನ ಪಾತ್ರ ಕೇಜ್ ಅವರಿಗೆ ಎರಡು ದಾರಿಗಳಲ್ಲಿ ಒದಗಿತು. ಮೊದಲ ಗ್ರ್ಯಾಮಿಯ ಬಳಿಕ ಅವರು ಜಾಹೀರಾತು ಮತ್ತು ಚಿತ್ರಸಂಗೀತವನ್ನು ಬದಿಗಿಟ್ಟು ಪರಿಸರವನ್ನೇ ವಸ್ತುವಾಗಿ ಹಿಡಿದರು. 'ಶಾಂತಿ ಸಂಸಾರ' ಧ್ವನಿಮುದ್ರಿಕೆ 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಬಿಡುಗಡೆಯಾಯಿತು. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು, ಅಂದರೆ ಬಡತನ, ನೀರು, ಶಿಕ್ಷಣ, ಹವಾಮಾನ ಮೊದಲಾದ ವಿಷಯಗಳಲ್ಲಿ 2030ರೊಳಗೆ ಸಾಧಿಸಬೇಕಾದುದನ್ನು, ಮಕ್ಕಳಿಗೆ ತಿಳಿಯುವ ಸರಳ ಹಾಡುಗಳಾಗಿಸಿದ 'ಮೈ ಅರ್ಥ್ ಸಾಂಗ್ಸ್' ಮ್ಯಾಕ್‌ಮಿಲನ್ ಪ್ರಕಾಶನದ ಶಾಲಾ ಪುಸ್ತಕಗಳಲ್ಲಿ ಸೇರಿತು. ಇನ್ನೊಂದು ಕಡೆ, ಜೆ. ಆರ್. ಡಿ. ಟಾಟಾ ಅವರ ಕಲ್ಪನೆಯಂತೆ 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಅವರನ್ನು ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು. ಉಪದೇಶವೇ ಮುಂದಾದಾಗ ಹಾಡು ಹಿಂದೆ ಬೀಳುವ ಅಪಾಯ ಈ ಬಗೆಯ ಕೆಲಸದಲ್ಲಿ ಇದ್ದೇ ಇರುತ್ತದೆ, ಮತ್ತು ಕೇಜ್ ಅವರ ಎಲ್ಲ ರಚನೆಗಳೂ ಅದರಿಂದ ಪಾರಾಗಿವೆ ಎನ್ನಲಾಗದು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶಿಸಿ, ಡೇವಿಡ್ ಅಟೆನ್‌ಬರೊ ನಿರೂಪಿಸಿದ 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರಕ್ಕೆ ಅವರು ಕೊಟ್ಟ ಸಂಗೀತದಲ್ಲಿ ಆ ತೊಡಕಿಲ್ಲ. ಅಲ್ಲಿ ಹೇಳಬೇಕಾದುದನ್ನು ಕಾಡೇ ಹೇಳುತ್ತದೆ. 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದ ಈ ಚಿತ್ರ 67ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಎರಡನ್ನು ಪಡೆಯಿತು.

ಕೇಜ್ ಅವರದು ಗಗನದ ಎತ್ತರದ ಉದಾಹರಣೆಯಾದರೆ, ನೆಲದ ಮಟ್ಟದಲ್ಲಿ ಅದೇ ಬದಲಾವಣೆಯನ್ನು ತೋರಿಸುವುದು 1996ರಲ್ಲಿ ಹುಟ್ಟಿದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ. 2012ರಲ್ಲಿ 'ತ್ರೀ ವೀಲ್ಸ್ ನೈನ್ ಲೈವ್ಸ್' ಎಂಬ ಮೂರು ಭಾಗದ ಧ್ವನಿಮುದ್ರಿಕೆ ತಂದ ಈ ತಂಡದ ಗಿಟಾರ್ ವಾದಕ ಬ್ರೂಸ್ ಲೀ ಮಣಿ ಮತ್ತು ಡ್ರಮ್ ವಾದಕ ರಾಜೀವ್ ರಾಜಗೋಪಾಲ್ ಕೂಡಿ 'ಟಾಕಾಡೆಮಿ' ಎಂಬ ಶಾಲೆ ನಡೆಸಿ, ವೇದಿಕೆಯಲ್ಲಿ ಕಲಿತದ್ದನ್ನು ಪಾಠಕ್ರಮವಾಗಿಸಿದರು. ಅರುಣಾ ಸುಂದರ್‌ಲಾಲ್ 1987ರಲ್ಲಿ ಆರಂಭಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಹಾದಿ ಮಾಡಿಕೊಟ್ಟಿತ್ತು. ರಾಕ್‌ಗೂ ಶ್ರೇಣಿ, ಪ್ರಮಾಣಪತ್ರಗಳ ವ್ಯವಸ್ಥೆ ಬಂದದ್ದು ಲಂಡನ್ನಿನ ರಾಕ್‌ಸ್ಕೂಲ್ ಮತ್ತು ಟ್ರಿನಿಟಿ ಸಂಸ್ಥೆಗಳ ಪರೀಕ್ಷೆಗಳಿಂದ. ಕರ್ನಾಟಕ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ಬಲ್ಲ ಪೋಷಕರಿಗೆ ಈ ಪದ್ಧತಿ ಹೊಸದೆನಿಸಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಸಂಬಳದಿಂದ ಕಟ್ಟಿದ ಸಿಂಗಸಂದ್ರದ ಎಇಸಿಎಸ್ ಬಡಾವಣೆಯಂಥ ಕಡೆಗಳಲ್ಲಿ ಮಕ್ಕಳ ಸಂಜೆಯ ಪಾಠಕ್ಕೆಂದು ತೆಗೆದಿಡುವ ಹಣವೇ ಇಂದು ಅನೇಕ ರಾಕ್ ವಾದಕರ ತಿಂಗಳ ಖಚಿತ ವರಮಾನ. ಪಬ್ಬಿನ ವೇದಿಕೆ ಅದಕ್ಕೆ ಸಿಗುವ ಮೇಲುಸಂಪಾದನೆ. ಹೊಸೂರು ರಸ್ತೆಯ ಮೇಲೆ 2010ರಲ್ಲಿ ಬಂದ ಮೇಲ್ಸೇತುವೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರನ್ನು ಸಿಂಗಸಂದ್ರದ ತಲೆಯ ಮೇಲಿಂದ ದಾಟಿಸಿಬಿಟ್ಟಿತ್ತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೊ ಹಳದಿ ಮಾರ್ಗ ಅಲ್ಲೇ ಒಂದು ನಿಲ್ದಾಣ ಕೊಟ್ಟು, ಬೆನ್ನಿಗೆ ಗಿಟಾರು ಹಾಕಿಕೊಂಡು ಊರಿನ ಇನ್ನೊಂದು ತುದಿಯಿಂದ ಪಾಠ ಹೇಳಲು ಬರುವವರಿಗೂ ಅನುಕೂಲ ಮಾಡಿತು.

ಅದೇ ವರ್ಷ ಜನವರಿ 25ರಂದು ಪ್ರಕಟವಾದ ಪದ್ಮಶ್ರೀ ಪಟ್ಟಿಯ ಕಲಾ ವಿಭಾಗದಲ್ಲಿ ಕರ್ನಾಟಕದಿಂದ ಕೇಜ್ ಅವರ ಹೆಸರಿತ್ತು. ಎಂಟು ದಿನಗಳ ನಂತರ ನಡೆದ ಗ್ರ್ಯಾಮಿ ಸಮಾರಂಭದಲ್ಲಿ ಅವರ 'ಬ್ರೇಕ್ ಆಫ್ ಡಾನ್' ಕೂಡ ಸ್ಪರ್ಧೆಯಲ್ಲಿತ್ತು. ಪ್ರಶಸ್ತಿ ಹೋದದ್ದು ಚಂದ್ರಿಕಾ ಟಂಡನ್ ಮತ್ತು ಎರು ಮಾತ್ಸುಮೊಟೊ ಅವರ ಜೊತೆ 'ತ್ರಿವೇಣಿ' ರೂಪಿಸಿದ್ದ, ಕೇಜ್ ಅವರ ಹಳೆಯ ಜೊತೆಗಾರ ವೂಟರ್ ಕೆಲ್ಲರ್‌ಮನ್ ಅವರಿಗೆ.